ಗಾಯ ಯಾಕೆ ಮಾಯುತ್ತಿಲ್ಲ: ಎಲ್ಲಿ ನಿಂತಿದೆ ಎಂದು ಪತ್ತೆ ಹಚ್ಚುವ ಕೈಪಿಡಿ

"ದಿನಾ ಡ್ರೆಸಿಂಗ್ ಮಾಡ್ತಾ ಇದ್ದೀವಿ, ಗಾಯ ಮಾತ್ರ ಹಾಗೇ ಇದೆ." ವಾರ್ಡಿನಲ್ಲಿ ಈ ಮಾತು ಕೇಳದ ನರ್ಸ್ ಇಲ್ಲ. ಆಗ ಎಲ್ಲರಿಗೂ ಮೊದಲು ಹೊಳೆಯುವುದು ಡ್ರೆಸಿಂಗ್ ಬದಲಿಸುವ ಉಪಾಯ. ಗಾಜ್ ಹೋಗಿ ಫೋಮ್ ಬರುತ್ತದೆ. ಫೋಮ್ ಹೋಗಿ ಬೆಳ್ಳಿ ಸೇರಿಸಿದ ಡ್ರೆಸಿಂಗ್ ಬರುತ್ತದೆ. ಗಾಯ ಅಲ್ಲಾಡುವುದಿಲ್ಲ. ಗಾಯ ಮಾಯಿಸುವ ಕೆಲಸ ದೇಹದ್ದು. ಅದು ಯಾವುದೋ ಹಂತದಲ್ಲಿ ಕೆಲಸ ನಿಲ್ಲಿಸಿದೆ, ನಿಲ್ಲಿಸಿದ ಕಾರಣ ಇನ್ನೂ ಅಲ್ಲೇ ಕೂತಿದೆ. ಬಹಳ ಸಲ ಆ ಕಾರಣ ಗಾಯದ ಒಳಗೆ ಇರುವುದೇ ಇಲ್ಲ. ಕಾಲಿನ ರಕ್ತನಾಳದಲ್ಲಿ, ಹಾಸಿಗೆಯಲ್ಲಿ, ಊಟದ ತಟ್ಟೆಯಲ್ಲಿ ಇರುತ್ತದೆ.

ಚಿಕಿತ್ಸೆ ಏನೆಂದು ಬರೆಯುವವರು ವೈದ್ಯರು. ಆದರೆ ಗಾಯವನ್ನು ದಿನಾ ಕಣ್ಣಾರೆ ನೋಡುವವರು ನೀವು. ಹಾಗಾಗಿ ಪತ್ತೆ ಕೆಲಸದ ಅರ್ಧ ನಿಮ್ಮ ಕೈಯಲ್ಲೇ ಇದೆ.

ಮೊದಲು ತುರ್ತಿನ ಲಕ್ಷಣ ನೋಡಿ

ಅಳತೆ, ಬಣ್ಣ, ವಾಸನೆ ಎಲ್ಲ ಆಮೇಲೆ. ಇಲ್ಲಿ ಹೇಳಿದ್ದರಲ್ಲಿ ಒಂದು ಕಂಡರೂ ಓದುವುದನ್ನು ಬಿಟ್ಟು ವೈದ್ಯರನ್ನು ಕರೆಯಿರಿ.

ಗಾಯ ನೋಡಲು ಸಣ್ಣದು, ನೋವು ಮಾತ್ರ ವಿಪರೀತ. ಸುತ್ತಲಿನ ಚರ್ಮ ಒತ್ತಿದರೆ ಬೆರಳ ಕೆಳಗೆ ಚರಚರ ಅನ್ನುತ್ತದೆ. ಕೆಂಪು ಅಥವಾ ಊತ ಗಂಟೆಗಂಟೆಗೂ ಹರಡುತ್ತಿದೆ. ಇದು ಗ್ಯಾಸ್ ಗ್ಯಾಂಗ್ರೀನ್ ಅಥವಾ ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್ ಇರಬಹುದು. ಎರಡೂ ಒಳಗಿನ ಅಂಗಾಂಶವನ್ನು ಬೇಗಬೇಗ ಸಾಯಿಸುತ್ತಾ ಹರಡುವ ಸೋಂಕುಗಳು. ಹರಡಿದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯಿರಿ. ಗೆರೆ ದಾಟುತ್ತದಾ ನೋಡೋಣ ಎಂದು ಕಾಯುತ್ತಾ ಕೂರಬೇಡಿ. ಆಪರೇಷನ್ ಆದ 48 ಗಂಟೆಯೊಳಗೆ ಗಾಯದಲ್ಲಿ ಜೋರು ಸೋಂಕು ಕಂಡರೂ ಇದೇ ಅನುಮಾನ ಬರಬೇಕು. ಮಾಮೂಲಿ ಸೋಂಕು ಅಷ್ಟು ಬೇಗ ಕಾಣುವುದಿಲ್ಲ.

ಹೊಟ್ಟೆಯ ಆಪರೇಷನ್ ಗಾಯ ಬಿಟ್ಟುಕೊಂಡು ಕರುಳು ಹೊರಗೆ ಕಾಣುತ್ತಿದ್ದರೆ ಒಳಗೆ ತಳ್ಳಬೇಡಿ. ಸಲೈನ್‌ನಲ್ಲಿ ನೆನೆಸಿದ ಸ್ಟೆರೈಲ್ ಬಟ್ಟೆ ಹೊದಿಸಿ, ಅದು ಒಣಗದಂತೆ ನೋಡಿಕೊಳ್ಳಿ. ರೋಗಿಯನ್ನು ಅಂಗಾತ ಮಲಗಿಸಿ ಮೊಣಕಾಲು ಮಡಚಿಸಿ. ಹೊಟ್ಟೆಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಬಾಯಿಗೆ ಏನೂ ಕೊಡಬೇಡಿ. ನೀವು ಪಕ್ಕದಲ್ಲೇ ಇದ್ದು, ಕರೆಯಲು ಇನ್ನೊಬ್ಬರನ್ನು ಕಳಿಸಿ.

ಗಾಯದ ಜೊತೆ ಜ್ವರ ಅಥವಾ ಮೈ ತಣ್ಣಗಾಗುವುದು, ಏದುಸಿರು, ಬಿಪಿ ಇಳಿತ, ಮಾತಿನಲ್ಲಿ ಗೊಂದಲ ಇದ್ದರೆ ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹ ಕುಸಿಯುವ ಸ್ಥಿತಿ) ಎಂದೇ ತಿಳಿದು ಮುಂದುವರಿಯಿರಿ. ಕಾಲು ದಿಢೀರನೆ ಬಿಳಿಚಿ ಅಥವಾ ನೀಲಿಗಟ್ಟಿ, ತಣ್ಣಗಾಗಿ, ಪಾದದ ನಾಡಿ ಸಿಗದಿದ್ದರೆ ಅದೂ ತುರ್ತೇ.

ಸರಿಯಾಗಿ ಮಾಯುವ ಗಾಯ ಹೇಗಿರುತ್ತದೆ

ದೋಷ ಹುಡುಕಲು ಸರಿ ಯಾವುದು ಎಂದು ಗೊತ್ತಿರಬೇಕಲ್ವಾ. ಮೊದಲ ನಿಮಿಷಗಳಲ್ಲಿ ರಕ್ತನಾಳ ಕುಗ್ಗುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ರಕ್ತ ಹೆಪ್ಪುಗಟ್ಟುತ್ತದೆ. ಮುಂದಿನ ಕೆಲವು ದಿನ ಉರಿಯೂತ. ಮೊದಲು ನ್ಯೂಟ್ರೊಫಿಲ್‌ಗಳು ಎಂಬ ಬಿಳಿ ರಕ್ತಕಣಗಳು ಬಂದು ಬ್ಯಾಕ್ಟೀರಿಯಾ ಕೊಲ್ಲುತ್ತವೆ. ಹಿಂದೆಯೇ ಬರುವ ಮ್ಯಾಕ್ರೊಫೇಜ್‌ಗಳು ಸತ್ತ ಜೀವಕೋಶಗಳನ್ನು ತಿಂದು ಜಾಗ ಖಾಲಿ ಮಾಡುತ್ತವೆ, ಮುಂದಿನ ಹಂತ ಶುರು ಮಾಡಲು ಸೂಚನೆಯನ್ನೂ ಕಳಿಸುತ್ತವೆ. ಎರಡನೇ ದಿನ ಹೊಲಿಗೆಯ ಸುತ್ತ ಸ್ವಲ್ಪ ಕೆಂಪು, ಸ್ವಲ್ಪ ಊತ ಕಂಡರೆ ಗಾಬರಿ ಬೇಡ. ಅದು ಹೀಗೇ ಇರಬೇಕು. ಏಳನೇ ದಿನವೂ ಹಾಗೇ ಇದ್ದರೆ, ಅಥವಾ ಕಡಿಮೆಯಾಗಿದ್ದು ಮತ್ತೆ ಜಾಸ್ತಿಯಾದರೆ, ಆಗ ಪ್ರಶ್ನೆ ಏಳಬೇಕು.

ಮೂರು ನಾಲ್ಕನೇ ದಿನದ ಹೊತ್ತಿಗೆ ಕಟ್ಟುವ ಕೆಲಸ ಶುರು. ಫೈಬ್ರೊಬ್ಲಾಸ್ಟ್‌ಗಳು ಕೊಲಾಜೆನ್ ತಯಾರಿಸುತ್ತವೆ, ಹೊಸ ರಕ್ತನಾಳಗಳು ಮೂಡುತ್ತವೆ, ಕೆಂಪಗೆ ಹರಳುಹರಳಾದ ಗ್ರ್ಯಾನುಲೇಷನ್ ಅಂಗಾಂಶ ತಳದಿಂದ ಮೇಲೇಳುತ್ತದೆ. ಗಾಯದ ಅಂಚು ಒಳಗೆ ಎಳೆದುಕೊಳ್ಳುತ್ತದೆ, ಹೊಸ ಚರ್ಮ ಅಂಚಿನಿಂದ ನಡುವಿಗೆ ತೆವಳುತ್ತದೆ. ಇದು ಸುಮಾರು ಮೂರು ವಾರದ ಕೆಲಸ, ಗಾಯ ದೊಡ್ಡದಾದರೆ ಇನ್ನೂ ಜಾಸ್ತಿ. ಆಮೇಲೆ ಕಲೆ ಗಟ್ಟಿಯಾಗುವ ಹಂತ. ಅದು ಒಂದು ವರ್ಷ ದಾಟಿಯೂ ನಡೆಯುತ್ತದೆ.

ಗಾಯದ ಬಗೆ ನೋಡಿ ಈ ಲೆಕ್ಕ ಬದಲಾಗುತ್ತದೆ. ಬ್ಲೇಡಿನಿಂದ ನೇರವಾಗಿ ಕೊಯ್ದು ಹೊಲಿದ ಗಾಯದ ಬಾಯಿ 24ರಿಂದ 48 ಗಂಟೆಯಲ್ಲಿ ಕೂಡಿಕೊಳ್ಳುತ್ತದೆ. ಮಾಂಸ ಕಳೆದುಕೊಂಡು ತೆರೆದೇ ಇರುವ ಗಾಯ ತಳದಿಂದ ತುಂಬಿಕೊಂಡು ಬರಬೇಕು, ಕಲೆಯೂ ದೊಡ್ಡದು. ತುಂಬಾ ಕೊಳೆಯಾದ ಗಾಯವನ್ನು ಬೇಕೆಂದೇ ತೆರೆದಿಟ್ಟು, ಶುಚಿಯಾದ ಮೇಲೆ, ಸಾಮಾನ್ಯವಾಗಿ 3ರಿಂದ 5 ದಿನ ಬಿಟ್ಟು ಹೊಲಿಯುತ್ತಾರೆ. ಅದನ್ನು ನೋಡಿ "ಹೊಲಿಗೆ ಹಾಕೋದು ಮರೆತರಾ" ಅಂದುಕೊಳ್ಳಬೇಡಿ.

ತರಚು ಗಾಯ ಮೇಲ್ಪದರದ್ದು, ಉರಿ ಜಾಸ್ತಿ, ಮಾಯುವುದು ಬೇಗ. ಜಜ್ಜಿ ಸೀಳಿದ ಗಾಯದ ಅಂಚಿನಲ್ಲಿ ಸತ್ತ ಅಂಗಾಂಶ ಇರುತ್ತದೆ, ಹಾಗಾಗಿ ತಡ. ನನಗೆ ಎಲ್ಲಕ್ಕಿಂತ ಅನುಮಾನ ಚುಚ್ಚು ಗಾಯದ ಮೇಲೆ. ಬಾಯಿ ಸಣ್ಣದು, ಆಳ ಗೊತ್ತಾಗುವುದಿಲ್ಲ. ಮೇಲೆ ಮುಚ್ಚಿ ಒಳಗೆ ಕೀವು ಕಟ್ಟುತ್ತದೆ. ಮುರಿದ ಮುಳ್ಳೋ ಗಾಜಿನ ಚೂರೋ ಒಳಗೆ ಉಳಿದಿದ್ದರೆ ಮುಚ್ಚಿದ್ದು ಮತ್ತೆ ಮತ್ತೆ ಒಡೆಯುತ್ತದೆ. ಇಂಥ ಗಾಯಕ್ಕೆ ಮೊದಲ ಪ್ರಶ್ನೆ "ಒಳಗೆ ಏನಾದರೂ ಉಳಿದಿದೆಯಾ", ಎರಡನೆಯದು ಟೆಟನಸ್ ಇಂಜೆಕ್ಷನ್.

ಅಳೆಯದೆ ಏನೂ ಹೇಳಬೇಡಿ

"ಸ್ವಲ್ಪ ಪರವಾಗಿಲ್ಲ" ಅನ್ನುವುದು ವರದಿ ಅಲ್ಲ. ವಾರಕ್ಕೊಮ್ಮೆ, ಪ್ರತಿ ಸಲವೂ ಒಂದೇ ಭಂಗಿಯಲ್ಲಿ ಮಲಗಿಸಿ ಅಳೆಯಿರಿ. ತಲೆಯಿಂದ ಕಾಲಿನ ದಿಕ್ಕಿಗೆ ಉದ್ದ, ಅದಕ್ಕೆ ಅಡ್ಡಡ್ಡ ಅಗಲ. ಆಳಕ್ಕೆ ಸಲೈನ್‌ನಲ್ಲಿ ಒದ್ದೆ ಮಾಡಿದ ಸ್ಟೆರೈಲ್ ಹತ್ತಿಕಡ್ಡಿಯನ್ನು ಅತಿ ಆಳದ ಜಾಗಕ್ಕೆ ನಿಧಾನವಾಗಿ ಇಳಿಸಿ, ಚರ್ಮದ ಮಟ್ಟದಲ್ಲಿ ಹಿಡಿದು, ಸ್ಕೇಲಿಗೆ ಇಟ್ಟು ನೋಡಿ. ಅದೇ ಕಡ್ಡಿಯಿಂದ ಅಂಚಿನ ಕೆಳಗೆ ಸುತ್ತಲೂ ತಡವಿ. ಮೇಲೆ ರೂಪಾಯಿ ಅಗಲ ಕಾಣುವ ಗಾಯ ಒಳಗೆ ಅಂಗೈ ಅಗಲ ಟೊಳ್ಳಾಗಿರಬಹುದು. ಟೊಳ್ಳು ಎಲ್ಲಿದೆ ಎಂದು ಗಡಿಯಾರದ ಲೆಕ್ಕದಲ್ಲಿ ಬರೆಯಿರಿ. ತಲೆಯ ಕಡೆ 12 ಗಂಟೆ. "3 ಗಂಟೆಯ ಕಡೆ 2 ಸೆಂ.ಮೀ. ಟೊಳ್ಳು" ಅಂದರೆ ಮುಂದಿನ ಪಾಳಿಯವರಿಗೆ ಪೂರ್ತಿ ಅರ್ಥವಾಗುತ್ತದೆ.

ಒಂದು ಲೆಕ್ಕ ನೋಡಿ. ಮೊದಲ ವಾರ 4×3, ಅಂದರೆ 12 ಚದರ ಸೆಂ.ಮೀ. ನಾಲ್ಕನೇ ವಾರ 3×2, ಅಂದರೆ 6. ಉದ್ದ ಅಗಲ ಎರಡೂ ಒಂದೊಂದೇ ಸೆಂ.ಮೀ. ಇಳಿದಿದೆ, ವಿಸ್ತೀರ್ಣ ಮಾತ್ರ ಅರ್ಧ. ಕಣ್ಣಿಗೆ ಇದು ಗೊತ್ತಾಗುವುದೇ ಇಲ್ಲ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಸರಿಯಾದ ಆರೈಕೆ ಇದ್ದೂ 4 ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ, 12 ವಾರದಲ್ಲಿ ಮುಚ್ಚುವ ಸಾಧ್ಯತೆ ತುಂಬಾ ಕಡಿಮೆ. ಅಂದರೆ 4 ವಾರಕ್ಕೇ ಯೋಜನೆ ಬದಲಿಸಬೇಕು, 12 ವಾರ ಕಾಯಬಾರದು.

ಒಂದು ಎಚ್ಚರಿಕೆ: ಸತ್ತ ಅಂಗಾಂಶ ಕತ್ತರಿಸಿ ತೆಗೆದ ವಾರ ಅಳತೆ ಜಾಸ್ತಿ ಬರುತ್ತದೆ. ಗಾಯ ಹದಗೆಟ್ಟಿಲ್ಲ, ನಿಜವಾದ ಗಾತ್ರ ಈಗ ಕಂಡಿದೆ ಅಷ್ಟೇ. ರೋಗಿಯ ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಹಳೇ ಡ್ರೆಸಿಂಗ್ ಎಸೆಯುವ ಮುಂಚೆ

ಅದನ್ನು ಬಿಚ್ಚಿ ನೇರ ಬಕೆಟ್ಟಿಗೆ ಹಾಕುವುದು ಎಲ್ಲರ ಅಭ್ಯಾಸ. ಒಂದು ನಿಮಿಷ ತಿರುಗಿಸಿ ನೋಡಿ. ಹಸಿರು ಬಣ್ಣ, ಸಿಹಿಯಾದ ಮುಗ್ಗಲು ವಾಸನೆ ಇದ್ದರೆ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಡ್ರೆಸಿಂಗ್ ತೊಪ್ಪೆಯಾಗಿ ಅಂಚಿನಿಂದ ಸೋರಿದ್ದರೆ ಹೀರುವ ಶಕ್ತಿ ಸಾಲದು, ಅಥವಾ ಬದಲಿಸುವ ಅಂತರ ಜಾಸ್ತಿಯಾಗಿದೆ. ಪೂರ್ತಿ ಒಣಗಿ ಗಾಯಕ್ಕೆ ಅಂಟಿದ್ದರೆ, ಕೀಳುವಾಗ ಹೊಸ ಅಂಗಾಂಶವನ್ನೂ ಕಿತ್ತು ತರುತ್ತದೆ. ಗಾಜ್‌ನ ಒಳಮೈಯಲ್ಲಿ ಕೆಂಪು ಚುಕ್ಕಿಗಳು ಕಂಡವಾ? ದಿನಾ ಅಷ್ಟಷ್ಟು ಬೆಳೆದದ್ದನ್ನು ದಿನಾ ನಾವೇ ಕಿತ್ತು ಹಾಕುತ್ತಿದ್ದೇವೆ. ಅಂಟಿದ್ದನ್ನು ಸಲೈನ್ ಸುರಿದು ನೆನೆಸಿ, ಬಿಡಿಸಿ. ನಾಳೆಯಿಂದ ಅಂಟದ ಬಗೆಯದ್ದು ಕೇಳಿ.

ವಾಸನೆಯ ತೀರ್ಮಾನ ಮಾತ್ರ ಗಾಯ ತೊಳೆದ ಮೇಲೆ. ಹೈಡ್ರೊಕೊಲಾಯ್ಡ್ (ಸೋರಿದ್ದನ್ನು ಹೀರಿ ಲೋಳೆಯಾಗುವ) ಡ್ರೆಸಿಂಗ್ ತೆಗೆದಾಗ ಹಳದಿ ಲೋಳೆಯೂ ವಾಸನೆಯೂ ಇರುವುದು ಆ ವಸ್ತುವಿನ ಗುಣ. ಅದನ್ನು ಕೀವು ಎಂದು ಬರೆದರೆ ಬೇಡದ ಆಂಟಿಬಯೋಟಿಕ್ ಶುರುವಾಗುತ್ತದೆ.

ತೊಳೆಯುವ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಕೆಂಪಾಗಿ ಬರುತ್ತಿರುವ ಗಾಯಕ್ಕೆ ದಿನಾ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದು ಸುಮ್ನೆ ಹಾನಿ. ಅದು ಬ್ಯಾಕ್ಟೀರಿಯಾ ಜೊತೆ ಫೈಬ್ರೊಬ್ಲಾಸ್ಟ್‌ಗಳನ್ನೂ ಕೊಲ್ಲುತ್ತದೆ. ನೊರೆ ಬರುವುದನ್ನು ನೋಡಿದರೆ ಕೆಲಸ ಆಗುತ್ತಿದೆ ಅನ್ನಿಸುತ್ತದೆ, ಅಷ್ಟೇ. ಸಲೈನ್ ಸಾಕು. ಒತ್ತಡ ಬೇಕಾದಲ್ಲಿ 35 ಮಿ.ಲೀ. ಸಿರಿಂಜಿಗೆ 19 ಗೇಜಿನ ಸೂಜಿ ಅಥವಾ ಕ್ಯಾನುಲಾ ಹಾಕಿ ಹಾಯಿಸಿದರೆ ಒತ್ತಡ ಸುಮಾರು 8 (ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ) ಪಿಎಸ್‌ಐ ಬರುತ್ತದೆ. ಕೊಳೆ ಹೋಗುತ್ತದೆ, ಅಂಗಾಂಶ ಉಳಿಯುತ್ತದೆ.

ತಳದ ಬಣ್ಣ ಏನು ಹೇಳುತ್ತದೆ

ಹಳದಿ, ಅಂಟಂಟು, ಒರೆಸಿದರೂ ಬಿಡದ ಪದರ ಇದ್ದರೆ ಅದು ಸ್ಲಫ್. ಗಾಯ ಉರಿಯೂತದ ಹಂತದಲ್ಲೇ ನಿಂತಿದೆ. ಸತ್ತದ್ದು ಹೋಗದೆ ಹೊಸದು ಬೆಳೆಯುವುದಿಲ್ಲ, ಹಾಗಾಗಿ ಅದನ್ನು ತೆಗೆದು ಹಾಕುವ ಡಿಬ್ರೈಡ್‌ಮೆಂಟ್ ಬೇಕು. ಹೈಡ್ರೊಜೆಲ್ (ನೀರಿನಂಶದ ಜೆಲ್) ಹಾಕಿ ಮೆತ್ತಗೆ ಮಾಡುವುದೋ ಕತ್ತರಿಯೋ ಎಂದು ವೈದ್ಯರು ನಿರ್ಧರಿಸುತ್ತಾರೆ.

ಕಪ್ಪು, ಗಟ್ಟಿ ಪದರ ಎಸ್ಕಾರ್. ಇದನ್ನೂ ಸಾಮಾನ್ಯವಾಗಿ ತೆಗೆಯಬೇಕು. ಆದರೆ ಹಿಮ್ಮಡಿಯ ಮೇಲೆ ಒಣಗಿ, ಗಟ್ಟಿಯಾಗಿ ಅಂಟಿಕೊಂಡು, ಸುತ್ತ ಕೆಂಪಾಗಲಿ ಕೀವಾಗಲಿ ಇಲ್ಲದ ಎಸ್ಕಾರ್ ಅನ್ನು ಮುಟ್ಟಬೇಡಿ. ರಕ್ತ ಹರಿವು ಕಡಿಮೆ ಇರುವ ಕಾಲಿನಲ್ಲಂತೂ ಖಂಡಿತ ಬೇಡ. ಅಲ್ಲಿ ಅದೇ ಹೊದಿಕೆ. ಒದ್ದೆಯಾಗಿ ಮೆತ್ತಗಾದರೆ ಆಗ ತಿಳಿಸಿ.

ಕೆಂಪು ಎಂದ ಕೂಡಲೇ ಖುಷಿಪಡಬೇಡಿ. ಒಳ್ಳೆಯ ಗ್ರ್ಯಾನುಲೇಷನ್ ತೇವವಾಗಿ ಹೊಳೆಯುತ್ತದೆ, ಮುಟ್ಟಿದ ಕೂಡಲೇ ರಕ್ತ ಸುರಿಸುವುದಿಲ್ಲ. ಮಂಕಾದ ಕಡುಗೆಂಪು, ಮುಟ್ಟಿದರೆ ರಕ್ತ ಅಂದರೆ ಒಳಗೆ ಸೋಂಕು ಇರಬಹುದು. ಬಿಳಿಚಿದ ಗುಲಾಬಿ ಅಂದರೆ ರಕ್ತ ಸಾಲುತ್ತಿಲ್ಲ. ಚರ್ಮದ ಮಟ್ಟಕ್ಕಿಂತ ಮೇಲೆ ಉಬ್ಬಿ ಬೆಳೆದಿದ್ದರೆ ಹೊಸ ಚರ್ಮ ಆ ದಿಬ್ಬ ಹತ್ತಲಾರದು. ಅತಿ ತೇವ, ಉಜ್ಜಾಟ, ಸೋಂಕು ಈ ಮೂರನ್ನು ನೋಡಿ.

ಸೋಂಕು ಹೌದಾ ಅಲ್ಲವಾ

ತೆರೆದ ಗಾಯ ಎಂದ ಮೇಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಸ್ವಾಬ್ (ಗಾಯ ಒರೆಸಿ ತೆಗೆದ ಮಾದರಿ) ರಿಪೋರ್ಟಿನಲ್ಲಿ ಹೆಸರು ಬಂದ ಮಾತ್ರಕ್ಕೆ ಸೋಂಕಲ್ಲ. ಸೋಂಕನ್ನು ತೀರ್ಮಾನಿಸುವುದು ಲಕ್ಷಣ ನೋಡಿ: ಹೆಚ್ಚುವ ನೋವು, ಬಿಸಿ, ಊತ, ಕೀವು, ಹರಡುವ ಕೆಂಪು. ಹಳೇ ಹುಣ್ಣುಗಳಲ್ಲಿ ಇವು ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಮಾಯುತ್ತಿದ್ದದ್ದು ನಿಂತಿದೆ, ಸೋರುವುದು ಜಾಸ್ತಿಯಾಗಿದೆ, ಇಲ್ಲದ ನೋವು ಶುರುವಾಗಿದೆ ಅಂದರೆ ಅಷ್ಟೇ ಸುಳಿವು. ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರವೂ ಬರದೇ ಇರಬಹುದು.

ಕಪ್ಪು ಮೈಬಣ್ಣದವರಲ್ಲಿ ಕೆಂಪು ಎಂಬುದು ಕಾಣುವುದೇ ಇಲ್ಲ, ಚರ್ಮ ಇನ್ನಷ್ಟು ಗಾಢವಾಗಿ ಅಥವಾ ನೇರಳೆಯಾಗಿ ಕಾಣುತ್ತದೆ. ಕಣ್ಣಿಗಿಂತ ಕೈಯನ್ನು ನಂಬಿ. ಅದೇ ಜಾಗವನ್ನು ಇನ್ನೊಂದು ಪಕ್ಕದಲ್ಲೂ ಮುಟ್ಟಿ, ಬಿಸಿ ಮತ್ತು ಬಿಗುಪು ಹೋಲಿಸಿ.

ಸ್ವಾಬ್ ತೆಗೆಯಲು ಹೇಳಿದರೆ ಮೊದಲು ಗಾಯ ತೊಳೆಯಿರಿ. ಮೇಲಿನ ಕೀವನ್ನು ಅದ್ದಿ ಕಳಿಸಿದರೆ ಮೇಲಿನ ಕಸದ ರಿಪೋರ್ಟ್ ಬರುತ್ತದೆ. ಶುಚಿಯಾದ ತಳದಲ್ಲಿ ಸುಮಾರು 1 ಚದರ ಸೆಂ.ಮೀ. ಜಾಗ ಆರಿಸಿ, ಒಳಗಿನ ದ್ರವ ಹೊರಬರುವಷ್ಟು ಒತ್ತಿ, 5 ಸೆಕೆಂಡ್ ತಿರುಗಿಸಿ. ಸ್ಲಫ್ ಮೇಲೆ ಬೇಡ. ಪಾದದ ಹುಣ್ಣಿನ ತಳದಲ್ಲಿ ಕಡ್ಡಿಗೆ ಗಟ್ಟಿ ಮೂಳೆ ತಾಗಿದರೆ ಕೂಡಲೇ ಹೇಳಿ. ಮೂಳೆಯ ಸೋಂಕಿದ್ದರೆ ಮೇಲಿನ ಡ್ರೆಸಿಂಗ್‌ನಿಂದ ಏನೂ ಆಗದು.

ತೇವ ಮತ್ತು ಅಂಚು

ಗಾಯ ಗಾಳಿಗೆ ಬಿಟ್ಟರೆ ಬೇಗ ಮಾಯುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲಿನ ಪ್ರಯೋಗದಲ್ಲಿ, ತೇವ ಉಳಿಸಿ ಮುಚ್ಚಿದ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬುವುದನ್ನು ತೋರಿಸಿದರು. ಒಣ ಹಕ್ಕಳೆ ಇದ್ದರೆ ಹೊಸ ಜೀವಕೋಶಗಳು ಅದರ ಕೆಳಗೆ ಸುರಂಗ ಕೊರೆದು ಸಾಗಬೇಕು, ಅದಕ್ಕೇ ತಡ. ಆದರೆ ತೇವ ಬೇರೆ, ತೊಪ್ಪೆ ಬೇರೆ. ಸುತ್ತಲಿನ ಚರ್ಮ ಬಿಳಿಚಿ ಸುಕ್ಕುಗಟ್ಟಿದ್ದರೆ ನೀರು ಜಾಸ್ತಿಯಾಗಿದೆ. ಆಲ್ಜಿನೇಟ್ (ತುಂಬಾ ಹೀರುವ ನಾರಿನ ಡ್ರೆಸಿಂಗ್) ಅಥವಾ ಫೋಮ್ ಹಾಕಿ, ಸುತ್ತಲಿನ ಚರ್ಮಕ್ಕೆ ರಕ್ಷಣೆಯ ಕ್ರೀಮ್ ಹಚ್ಚಿ. ಒಣಗಿದ ಗಾಯಕ್ಕೆ ಆಲ್ಜಿನೇಟ್ ಹಾಕಿದರೆ ಇದ್ದ ತೇವವನ್ನೂ ಹೀರಿಬಿಡುತ್ತದೆ.

ಅಂಚು ಒಳಮುಖವಾಗಿ ಸುರುಳಿ ಸುತ್ತಿ ದಪ್ಪಗಾಗಿದ್ದರೆ, ಆ ಚರ್ಮ ತನ್ನ ಕೆಲಸ ಮುಗಿಯಿತು ಎಂದುಕೊಂಡಿದೆ. ಕತ್ತರಿಸಿ ಹೊಸ ಅಂಚು ಮಾಡದೆ ಮುಂದೆ ಹೋಗದು. ವರ್ಷಗಟ್ಟಲೆ ಇರುವ ಹುಣ್ಣಿನ ಅಂಚು ಹೂಕೋಸಿನಂತೆ ಎದ್ದು ಬೆಳೆಯುತ್ತಿದ್ದರೆ ಬಯಾಪ್ಸಿ ಕೇಳಿ. ಹಳೇ ಸುಟ್ಟ ಕಲೆ, ಹಳೇ ಹುಣ್ಣುಗಳಲ್ಲಿ ಕ್ಯಾನ್ಸರ್ ಹುಟ್ಟುವುದುಂಟು. ಅದಕ್ಕೆ ಮಾರ್ಜೊಲಿನ್ ಹುಣ್ಣು ಎಂದು ಹೆಸರು.

ಕಾಲಿನ ಹುಣ್ಣು: ಮೂರರಲ್ಲಿ ಯಾವುದು

ಹೆಚ್ಚು ಎಡವಟ್ಟಾಗುವುದು ಇಲ್ಲೇ, ಯಾಕೆಂದರೆ ಒಂದರ ಚಿಕಿತ್ಸೆ ಇನ್ನೊಂದಕ್ಕೆ ಅಪಾಯ.

ಕಾಲಿನ ಒಳಗಿಣ್ಣಿನ ಮೇಲ್ಭಾಗದಲ್ಲಿ, ಆಳವಿಲ್ಲದ, ಅಂಕುಡೊಂಕು ಅಂಚಿನ, ಸದಾ ಸೋರುವ ಹುಣ್ಣು. ಸುತ್ತ ಚರ್ಮ ಕಂದುಗಟ್ಟಿದೆ, ಕಾಲು ಊದಿದೆ, ಎತ್ತಿಟ್ಟರೆ ಆರಾಮ. ಇದು ಸಿರೆಯ ಹುಣ್ಣು. ರಕ್ತ ಮೇಲೆ ಹೋಗದೆ ಕೆಳಗೇ ನಿಲ್ಲುತ್ತಿದೆ. ಇದಕ್ಕೆ ಮದ್ದು ಬಿಗಿಯಾದ ಕಂಪ್ರೆಷನ್ ಬ್ಯಾಂಡೇಜ್.

ಬೆರಳ ತುದಿಯಲ್ಲಿ, ಹಿಮ್ಮಡಿಯಲ್ಲಿ, ಅಚ್ಚಿನಲ್ಲಿ ಕತ್ತರಿಸಿದಂತೆ ದುಂಡಗೆ, ತಳ ಬಿಳಿಚಿ ಒಣಗಿದ ಹುಣ್ಣು. ಪಾದ ತಣ್ಣಗೆ, ಕೂದಲು ಉದುರಿ ಚರ್ಮ ನುಣುಪು. ರಾತ್ರಿ ನೋವು, ಕಾಲು ಮಂಚದಿಂದ ಇಳಿಬಿಟ್ಟರೆ ಕಡಿಮೆ. ಇದು ಅಪಧಮನಿಯದು. ರಕ್ತ ಕೆಳಗೆ ಬರುತ್ತಲೇ ಇಲ್ಲ. ಇದಕ್ಕೆ ಬಿಗಿ ಬ್ಯಾಂಡೇಜ್ ಕಟ್ಟಿದರೆ ಬರುವ ನಾಲ್ಕು ಹನಿಯನ್ನೂ ತಡೆದಂತೆ. ಕಾಲೇ ಹೋಗಬಹುದು.

ಅದಕ್ಕೇ ಕಂಪ್ರೆಷನ್‌ಗೆ ಮುಂಚೆ ಡಾಪ್ಲರ್ (ರಕ್ತ ಹರಿವಿನ ಸದ್ದು ಕೇಳಿಸುವ ಯಂತ್ರ) ಇಟ್ಟು ಕಾಲಿನ ಗಿಣ್ಣಿನ ಬಳಿಯ ಸಿಸ್ಟೋಲಿಕ್ ಬಿಪಿ ನೋಡಿ, ತೋಳಿನ ಸಿಸ್ಟೋಲಿಕ್ ಬಿಪಿಯಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಅಪಧಮನಿ ಕಿರಿದಾಗಿದೆ. 0.8ಕ್ಕಿಂತ ಕಡಿಮೆಯಾದರೆ ಪೂರ್ತಿ ಬಿಗಿ ಕಂಪ್ರೆಷನ್ ಬೇಡ. 0.5ಕ್ಕಿಂತ ಕೆಳಗಾದರೆ ರಕ್ತನಾಳದ ಸರ್ಜನ್‌ಗೆ ಬೇಗ ತೋರಿಸಬೇಕು. 1.3 ದಾಟಿದರೂ ಒಳ್ಳೆಯದೆಂದು ತಿಳಿಯಬೇಡಿ. ಸಕ್ಕರೆ ಕಾಯಿಲೆಯಲ್ಲಿ ಗೋಡೆ ಗಡುಸಾದ ರಕ್ತನಾಳ ಅದುಮಿದರೂ ಮುಚ್ಚದು, ಸಂಖ್ಯೆ ಸುಳ್ಳು ಹೇಳುತ್ತದೆ.

ಮೂರನೆಯದು ಅಂಗಾಲಿನಲ್ಲಿ, ದಡ್ಡುಗಟ್ಟಿದ ಚರ್ಮದ ನಡುವೆ, ನೋವೇ ಇಲ್ಲದ ಹುಣ್ಣು. ಸಕ್ಕರೆ ಕಾಯಿಲೆಯಿಂದ ನರ ಜಡವಾಗಿದೆ. ಸ್ಪರ್ಶ ಪರೀಕ್ಷೆಗೆ ಬಳಸುವ, 10 ಗ್ರಾಂ ಒತ್ತಡಕ್ಕೆ ಬಾಗುವ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಬಾಗುವಷ್ಟು ಒತ್ತಿದರೂ ರೋಗಿಗೆ ಗೊತ್ತಾಗದು. ಇದಕ್ಕೆ ಯಾವ ಡ್ರೆಸಿಂಗ್ ಹಾಕಿದರೂ ಅದರ ಮೇಲೆಯೇ ನಡೆದಾಡಿದರೆ ಮಾಯುವುದಿಲ್ಲ. ಆ ಜಾಗದ ಭಾರ ಇಳಿಸುವ ಪ್ಲಾಸ್ಟರ್ ಅಥವಾ ವಿಶೇಷ ಚಪ್ಪಲಿ ಬೇಕು. ರೋಗಿ ಒಳಗೆ ಬರುವಾಗ ಯಾವ ಚಪ್ಪಲಿ ಹಾಕಿದ್ದಾರೆ ನೋಡಿ, ಒಳಗೆ ಕೈ ಹಾಕಿ ತಡವಿ. ಎದ್ದ ಮೊಳೆಯೋ ಸಣ್ಣ ಕಲ್ಲೋ ಸಿಕ್ಕರೆ ಕಾರಣ ಸಿಕ್ಕಂತೆಯೇ. ಒಬ್ಬರಲ್ಲೇ ನರದ ತೊಂದರೆಯೂ ರಕ್ತನಾಳದ ತೊಂದರೆಯೂ ಸೇರಿರುವುದು ಉಂಟು.

ಒತ್ತಡದ ಹುಣ್ಣು

ಟೊಂಕದ ಕೆಳಗಿನ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ. ಜಾಗವೇ ಕಾರಣ ಹೇಳುತ್ತದೆ. ಬೆರಳಿನಿಂದ ಒತ್ತಿದಾಗ ಕೆಂಪು ಬಿಳಿಚದಿದ್ದರೆ ಮೊದಲ ಹಂತ ಆಗಲೇ ಶುರುವಾಗಿದೆ. ಮಗ್ಗಲು ಬದಲಿಸುವ ಚಾರ್ಟ್ ತುಂಬಿದೆ, ಹುಣ್ಣು ಮಾತ್ರ ದೊಡ್ಡದಾಗುತ್ತಿದೆ ಅಂದರೆ ಚಾರ್ಟ್ ಬಿಟ್ಟು ಹಾಸಿಗೆ ನೋಡಿ. ರೋಗಿ ದಿಂಬಿನಿಂದ ಜಾರಿ ಮತ್ತೆ ಅಂಗಾತವೇ ಆಗಿರುತ್ತಾರೆ. ತಲೆಯ ಕಡೆ 30 ಡಿಗ್ರಿಗಿಂತ ಮೇಲೆತ್ತಿದ್ದರೆ ಮೈ ಕೆಳಗೆ ಜಾರುತ್ತದೆ, ಚರ್ಮ ಹಾಸಿಗೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಒಳಗಿನ ಪದರ ಹರಿಯುತ್ತದೆ. ಪೂರ್ತಿ ಪಕ್ಕಕ್ಕೆ ತಿರುಗಿಸುವ ಬದಲು 30 ಡಿಗ್ರಿ ಓರೆ ಮಲಗಿಸಿ. ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮೀನಖಂಡದ ಕೆಳಗೆ ದಿಂಬು ಇಡಿ. ಒದ್ದೆ ಡಯಾಪರ್, ಕೆಳಗೆ ಸಿಕ್ಕಿಕೊಂಡ ಕ್ಯಾಥೆಟರ್ ಪೈಪು, ಮೂಗಿನ ಮೇಲೆ ಒತ್ತುವ ಮಾಸ್ಕ್, ಇವೂ ಒತ್ತಡವೇ.

ಹೊಲಿದ ಗಾಯ ಬಿಟ್ಟುಕೊಳ್ಳುವ ಮುಂಚೆ

ಆಪರೇಷನ್ ಆಗಿ 5ರಿಂದ 10ನೇ ದಿನದ ನಡುವೆ, ಒಣಗಿದ್ದ ಡ್ರೆಸಿಂಗ್ ಇದ್ದಕ್ಕಿದ್ದಂತೆ ತಿಳಿಗೆಂಪು ನೀರಿನಿಂದ ನೆನೆದರೆ ಬರೀ ಡ್ರೆಸಿಂಗ್ ಬದಲಿಸಿ ಸುಮ್ಮನಾಗಬೇಡಿ. ಒಳಪದರದ ಹೊಲಿಗೆ ಬಿಡುತ್ತಿರಬಹುದು. "ಏನೋ ಪಟ್ ಅಂತು" ಎಂದು ರೋಗಿಯೇ ಹೇಳುವುದೂ ಉಂಟು. ಕೆಮ್ಮು, ವಾಂತಿ, ಮಲಬದ್ಧತೆ, ದಪ್ಪ ಮೈ ಇದ್ದವರಲ್ಲಿ ಮೊದಲೇ ಎಚ್ಚರ ಬೇಕು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲು ಕಲಿಸಿ.

ಎಲ್ಲ ಸರಿ, ಆದರೂ ನಿಂತಿದೆ

ಆಗ ರೋಗಿಯ ಕೇಸ್ ಶೀಟ್ ತೆಗೆಯಿರಿ. ರಕ್ತದ ಸಕ್ಕರೆ, ಹಿಮೋಗ್ಲೋಬಿನ್, ಔಷಧಿಗಳ ಪಟ್ಟಿ. ಸ್ಟೆರಾಯ್ಡ್ ಉರಿಯೂತವನ್ನೇ ಅಡಗಿಸುತ್ತದೆ, ಕೀಮೋಥೆರಪಿ ಹೊಸ ಜೀವಕೋಶ ಹುಟ್ಟಲು ಬಿಡದು. ಸಿಗರೇಟಿನ ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಅದರ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕದ ಜಾಗ ಕಬಳಿಸುತ್ತದೆ. ಊಟದ ತಟ್ಟೆ ಎಷ್ಟು ಖಾಲಿಯಾಗಿದೆ ಎಂದು ನೋಡುವುದೂ ಗಾಯದ ತಪಾಸಣೆಯೇ. ಒತ್ತಡದ ಹುಣ್ಣಿರುವ, ಊಟ ಸಾಲದ ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೊಟೀನ್ ಹೇಳುತ್ತಾರೆ. 60 ಕೆ.ಜಿ. ಇದ್ದರೆ 75ರಿಂದ 90 ಗ್ರಾಂ. ಗಂಜಿಯಲ್ಲಿ ಅಷ್ಟು ಬರುವುದಿಲ್ಲ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಆಹಾರ ತಜ್ಞರನ್ನು ಕೇಳಿಯೇ ಹೆಚ್ಚಿಸಿ. ವಿಟಮಿನ್ ಸಿ ಇಲ್ಲದೆ ಕೊಲಾಜೆನ್ ಗಟ್ಟಿಯಾಗದು.

ಮುಚ್ಚಿದ್ದು ಮತ್ತೆ ಒಡೆದರೆ

ಮೂರು ವಾರದ ಕಲೆಗೆ ಮಾಮೂಲಿ ಚರ್ಮದ ಸುಮಾರು 20% ಬಲ ಅಷ್ಟೇ. ವರ್ಷ ಕಳೆದರೂ 80% ದಾಟುವುದಿಲ್ಲ. ಹಾಗಾಗಿ ಒಮ್ಮೆ ಒತ್ತಡದ ಹುಣ್ಣಾಗಿದ್ದ ಜಾಗ ಮುಚ್ಚಿದ ಮೇಲೂ ಮಗ್ಗಲು ಬದಲಿಸುವುದನ್ನು ನಿಲ್ಲಿಸುವಂತಿಲ್ಲ. ಸಿರೆಯ ಹುಣ್ಣು ಮಾಯ್ದವರು ಕಂಪ್ರೆಷನ್ ಸ್ಟಾಕಿಂಗ್ ಬಿಟ್ಟರೆ ಅದು ಮತ್ತೆ ಬರುವುದು ತುಂಬಾ ಸಾಮಾನ್ಯ. ಹಾಕುತ್ತಿದ್ದೀರಾ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಹಾಕಿ ತೋರಿಸಿ ಅನ್ನಿ. ಬಗ್ಗಲಾಗದೆ, ಎಳೆಯಲಾಗದೆ ಒದ್ದಾಡಿದರೆ ಮನೆಯಲ್ಲಿ ಹಾಕಿಕೊಡುವವರು ಯಾರು ಎಂದು ಕೇಳಿ, ಅವರಿಗೆ ಅಲ್ಲೇ ಕಲಿಸಿ ಕಳಿಸಿ.